ಕ್ಯಾಮೆರಾ ಇಲ್ಲದ ಲ್ಯಾಪ್‌ಟಾಪ್

"ಎರಡನ್ನೂ ಆನ್ ಮಾಡಿ," ಎಂದರು ಇನ್ಸ್‌ಪೆಕ್ಟರ್ ಪುಟ್ಟರಂಗಯ್ಯ.

ಮನ್ಸೂರ್ ಅಲಿ ಎರಡು ಲ್ಯಾಪ್‌ಟಾಪ್‌ಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು ಮುಚ್ಚಳ ತೆರೆದ. ತುಮಕೂರಿನ ಬಿ.ಎಚ್. ರಸ್ತೆಯ ಬಸ್ಸುಗಳ ಸದ್ದಿಗೆ ಕೌಂಟರಿನ ಗಾಜು ಸಣ್ಣಗೆ ಅದುರುತ್ತಿತ್ತು. ಅಂಗಡಿಯಲ್ಲಿದ್ದ ಗಿರಾಕಿಗಳು ಹೊರಗೆ ಜೀಪು ನಿಂತದ್ದೇ ಎದ್ದು ಹೋಗಿದ್ದರು.

"ಎಡಗಡೇದು ಆ ಹುಡುಗಿ ತಗೊಂಡಿದ್ದ ಮಾಡೆಲ್ಲು ಸಾರ್. ಬಲಗಡೇದು ನಾನು ತಗೊಳಮ್ಮಾ ಅಂತ ಹೇಳಿದ್ದು."

ದೇವರಾಯನದುರ್ಗದ ಬಂಡೆಯ ಕೆಳಗೆ ಗುಬ್ಬಿಯ ನಂದಿತಾಳ ಹೆಣ ಸಿಕ್ಕಿತ್ತು. ಅವಳ ಲ್ಯಾಪ್‌ಟಾಪ್ ಸಿಕ್ಕಿರಲಿಲ್ಲ. ಅವಳ ಮೊಬೈಲಿನಿಂದ ಕೊನೆಗೆ ಹೋದ ಕರೆ ಈ ಅಂಗಡಿಯ ರಿಪೇರಿ ಹುಡುಗ ಮುಜೀಬನಿಗೆ. ಅವನು ಈಗ ಲಾಕಪ್ಪಿನಲ್ಲಿದ್ದ. ಪೊಲೀಸ್ ಕಸ್ಟಡಿಯ ಗಡುವು ಮುಗಿಯುವುದರಿಂದ ನಾಳೆ ಬೆಳಿಗ್ಗೆ ಅವನನ್ನು ಕೊಲೆಗಾರನೆಂದು ಕೋರ್ಟಿನ ಮುಂದೆ ನಿಲ್ಲಿಸಬೇಕಿತ್ತು.

ಹಿಡಿದಾಗಿನಿಂದ ಮುಜೀಬ್ ಬಾಯಿ ಬಿಟ್ಟದ್ದು ಒಂದೇ ಸಲ.

"ಅವ್ರು ಆ ಲ್ಯಾಪ್‌ಟಾಪೇ ಯಾಕೆ ಆರಿಸ್ಕೊಂಡ್ರು ಅಂತ ಕೇಳಿ ಸಾರ್."

ಉಳಿದ ಅಧಿಕಾರಿಗಳು ಅದನ್ನು ತಲೆಹರಟೆ ಎಂದು ನಕ್ಕಿದ್ದರು. ಪುಟ್ಟರಂಗಯ್ಯನವರಿಗೆ ನಗು ಬಂದಿರಲಿಲ್ಲ. ಪೊಲೀಸು ಸೇರುವ ಮುಂಚೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದವರು. ಉತ್ತರಕ್ಕಿಂತ ಪ್ರಶ್ನೆ ಚೆನ್ನಾಗಿದ್ದರೆ ಅದನ್ನು ಬಿಡಬಾರದೆಂದು ಲ್ಯಾಬಿನಲ್ಲಿ ಕಲಿತಿದ್ದರು.

"ಸ್ಕ್ರೀನು?" ಎಂದು ಕೇಳಿದರು.

"ಎರಡೂ ಒಂದೇ ಅಳತೆ."

"ಮೆಮರಿ?"

"ಎರಡರದ್ದೂ ಒಂದು ಜೀಬಿ. ಪ್ರೊಸೆಸರ್ರೂ ಒಂದೇ. ರೇಟಲ್ಲೂ ಅಂಥಾ ಫರಕು ಇಲ್ಲ."

ಪುಟ್ಟರಂಗಯ್ಯ ಎರಡನ್ನೂ ಎತ್ತಿ ನೋಡಿದರು. ನಂದಿತಾ ಆರಿಸಿದ್ದು ಭಾರವಾಗಿತ್ತು. ದಪ್ಪ. ಮೂಲೆಗಳಲ್ಲಿ ಹಳೆಯ ಕಾಲದ ಗಡುಸು. ದಿನವೂ ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ನಿಂತು ಬರಬೇಕಾದ ಎಂ.ಸಿ.ಎ. ವಿದ್ಯಾರ್ಥಿನಿ ಇದನ್ನೇಕೆ ಹೆಗಲಿಗೆ ಹಾಕಿಕೊಂಡಳು?

"ನಾನೂ ಹಂಗೇ ಕೇಳ್ದೆ ಸಾರ್," ಎಂದ ಮನ್ಸೂರ್ ಅಲಿ. "ಏನಮ್ಮಾ, ಇದು ಹೋದ ವರ್ಷದ ಮಾಲು, ಹೊಸದು ಅದೇ ರೇಟಿಗೆ ಕೊಡ್ತೀನಿ ಅಂದ್ರೆ ಬೇಡ ಅಂತೀಯಲ್ಲಾ ಅಂದೆ. ಬಿ.ಎಸ್ಸಿ. ಓದಿದ ಹುಡುಗಿ, ಕಂಪ್ಯೂಟರು ನನಗಿಂತ ಚೆನ್ನಾಗಿ ಗೊತ್ತು. 'ನಂಗೆ ಇದೇ ಕೊಡಿ' ಅಂತು, ಅಷ್ಟೇ."

ಪುಟ್ಟರಂಗಯ್ಯ ಎರಡೂ ಪರದೆಗಳನ್ನು ಅಂಚಿನಿಂದ ಅಂಚಿಗೆ ಬೆರಳಾಡಿಸುತ್ತ ಹೋಲಿಸಿದರು. ಕೀಲಿಮಣೆ ಒಂದೇ. ವೈರು ಸಿಕ್ಕಿಸುವ ತೂತುಗಳು ಒಂದೇ. ಬಲಗಡೆಯದರ ಪರದೆಯ ನೆತ್ತಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಸಾಸಿವೆಯಷ್ಟು ಚಿಕ್ಕ ಗಾಜು ಇತ್ತು. ಎಡಗಡೆಯದರ ನೆತ್ತಿ ಬೋಳು.

"ಇದು?"

"ಕ್ಯಾಮೆರಾ ಸಾರ್. ಈ ವರ್ಷದ ಮಾಲಿಗೆಲ್ಲ ಬರ್ತಾ ಇದೆ. ಮಕ್ಕಳು ಅದನ್ನ ನೋಡೇ ತಗೋತಾರೆ."

"ಅವಳು ಅದನ್ನ ನೋಡೇ ಬೇಡ ಅಂದಳು."

ಮನ್ಸೂರ್ ಅಲಿ ಬಗ್ಗಿ ಎಡಗಡೆಯದರ ಬೋಳು ನೆತ್ತಿಯನ್ನು ಇನ್ನೊಮ್ಮೆ ನೋಡಿದ.

"ಅವತ್ತು ಜೊತೆಗೆ ಯಾರು ಬಂದಿದ್ರು?"

"ಈಗೆಲ್ಲ ಒಬ್ಬರೇ ಬರಲ್ಲ ಸಾರ್. ಮಗುವಿಗೆ ಲ್ಯಾಪ್‌ಟಾಪ್ ಅಂದ್ರೆ ಮನೇಲಿ ಕಂಪ್ಯೂಟರ್ ಗೊತ್ತಿರೋರು ಒಬ್ರು ಬರ್ಲೇಬೇಕು. ಹೆಣ್ಣು ನೋಡಕ್ಕೆ ಹಿರಿಯರು ಬಂದಂಗೆ. ದುಡ್ಡು ಅಪ್ಪಂದು, ಓದೋದು ಮಗು, ಆರ್ಸೋದು ಮಾತ್ರ ಅವ್ರು." ಅವನು ಸ್ವಲ್ಪ ನಕ್ಕು ಮತ್ತೆ ಗಂಭೀರನಾದ. "ಈ ಹುಡುಗಿ ಜೊತೆ ಸೋದರಮಾವ ಬಂದಿದ್ರು. ಕುಣಿಗಲ್ಲಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸ್ತಾರೆ. ಅಪ್ಪಾಜಿ ಅಂತ. ಕ್ಯಾಮೆರಾದ್ದೇ ತಗೋ ಅಂತ ಒಂದೇ ಹಟ. ಆಮೇಲೆ ನಕ್ಕೊಂಡು ಬಿಲ್ ಕೊಟ್ರು. ಆದ್ರೆ ಆ ನಗು..."

"ಏನು?"

"ನನ್ನ ಅಂಗಡೀಲಿ ಇಷ್ಟು ವರ್ಷದಲ್ಲಿ ಜೊತೆಗೆ ಬಂದವ್ರ ಮಾತು ಮೀರಿದ ಮಗು ಅದೊಂದೇ ಸಾರ್. ಅವ್ರು ಅದನ್ನ ಅವಮಾನ ಅಂದ್ಕೊಂಡ್ರು. ಅಂಗಡಿಯೋನಿಗೆ ಅದು ಗೊತ್ತಾಗ್ತದೆ."

"ಮುಜೀಬ್ ಅಲ್ಲಿದ್ದನಾ?"

"ಒಳಗೆ ಬೆಂಚಲ್ಲಿ ಕೂತಿದ್ದ. ಆಮೇಲೆ ಆ ಹುಡುಗಿ ಎರಡು ಮೂರು ಸಲ ಒಬ್ಬಳೇ ಬಂದು ಅವನ ಹತ್ರ ಏನೋ ಕೇಳ್ಕೊಂಡು ಹೋಗಿತ್ತು. ನಾನು ತಪ್ಪು ತಿಳೀಲಿಲ್ಲ. ತಪ್ಪು ತಿಳ್ಕೊಳೋ ಅಂಥಾದ್ದು ಇರ್ಲಿಲ್ಲ." ಅವನು ತಲೆ ತಗ್ಗಿಸಿದ. "ಅವನ ಅಮ್ಮ ಸಲೀಮಾ ಬೆಳಗಾದ್ರೆ ಟಿಫಿನ್ ಹಿಡ್ಕೊಂಡು ನಿಮ್ಮ ಸ್ಟೇಷನ್ ಮೆಟ್ಲಲ್ಲಿ ಕೂತಿರ್ತಾರೆ. ನೋಡಿದೀರಲ್ಲ."

ನೋಡಿದ್ದರು. ದಿನವೂ ದಾಟಿಕೊಂಡೇ ಒಳಗೆ ಹೋಗುತ್ತಿದ್ದರು.

ಪುಟ್ಟರಂಗಯ್ಯ ತಮ್ಮ ನಂಬರು ಬರೆದುಕೊಟ್ಟರು. "ಏನಾದರೂ ನೆನಪಾದರೆ ಫೋನ್ ಮಾಡಿ. ಇವತ್ತೇ ಮಾಡಿ. ನಾಳೆ ಅವನು ನನ್ನ ಕೈಲಿರಲ್ಲ."

ಮನ್ಸೂರ್ ಅಲಿ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಯ ಬಾಗಿಲು ಎಳೆಯತೊಡಗಿದ.

*

ಕುಣಿಗಲ್ಲಿನ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅಪ್ಪಾಜಿಯ ಕಂಪ್ಯೂಟರ್ ತರಬೇತಿ ಕೇಂದ್ರ. ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿ. ದೇವಸ್ಥಾನಕ್ಕೆ ಬಂದಂತೆ ಎಲ್ಲರೂ ಹೊರಗೇ ಬಿಟ್ಟಿದ್ದರು.

"ಬೂಟು ಬಿಚ್ಬೇಕಾ ಸಾರ್?" ಎಂದ ಹೆಡ್ ಕಾನ್‌ಸ್ಟೇಬಲ್ ಗಂಗಹನುಮಯ್ಯ. "ಕಾಲ್ಚೀಲ ತೂತಾಗೈತೆ."

"ನೀನು ಕೆಳಗೇ ಇರು."

"ಒಳ್ಳೇದಾಯ್ತು ಬುಡಿ. ಮಾನ ಉಳೀತು."

ಒಳಗೆ ಹುಡುಗ ಹುಡುಗಿಯರು ಸಾಲಾಗಿ ಕೂತು ಟೈಪು ಮಾಡುತ್ತಿದ್ದರು. ತುದಿಯಲ್ಲಿ ಗಾಜಿನ ಕೋಣೆ. ಅಪ್ಪಾಜಿ ಎದ್ದು ನಿಂತು ಕೈಮುಗಿದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ತೆಳ್ಳನೆಯ ವಿಭೂತಿ. ಕುತ್ತಿಗೆಯ ಸುತ್ತ ಹೆಡ್‌ಫೋನು.

"ಬನ್ನಿ ಸಾರ್. ಕೂತ್ಕೊಳಿ. ಟೀ ತರಿಸ್ಲಾ?"

ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಚಿಕ್ಕ ಚಿಕ್ಕ ಚೌಕಗಳಿದ್ದವು. ಒಂದೊಂದರಲ್ಲೂ ಅಕ್ಷರಗಳು ಹರಿದಾಡುತ್ತಿದ್ದವು.

"ಇದೇನು?"

"ಹೊರಗೆ ಕೂತಿರೋ ಮಕ್ಕಳ ಸ್ಕ್ರೀನು ಸಾರ್. ಯಾರು ಕೆಲಸ ಮಾಡ್ತಾರೆ, ಯಾರು ಗೇಮ್ ಆಡ್ತಾರೆ, ಇಲ್ಲಿಂದಾನೇ ಕಾಣ್ತದೆ. ಎದ್ದು ಹೋಗೋದು ಬೇಡ, ಬೈಯೋದು ಬೇಡ."

"ಅವರಿಗೆ ಗೊತ್ತಾ?"

"ಗೊತ್ತಿದ್ರೆ ಏನು ಪ್ರಯೋಜನ ಸಾರ್?" ಅಪ್ಪಾಜಿ ಮೆಲ್ಲಗೆ ನಕ್ಕ. ಪುಟ್ಟರಂಗಯ್ಯನವರಿಗೆ ಮನ್ಸೂರ್ ಅಲಿಯ ಅರ್ಧ ಮಾತು ನೆನಪಾಯಿತು.

"ನಂದಿತಾಗೆ ಲ್ಯಾಪ್‌ಟಾಪ್ ಕೊಡಿಸೋಕೆ ನೀವೇ ಹೋಗಿದ್ರಂತೆ."

"ಇನ್ಯಾರು ಹೋಗ್ಬೇಕು ಸಾರ್? ಬಸವಪ್ರಭು ಭಾವ ತೀರ್ಕೊಂಡ ಮೇಲೆ ಅಕ್ಕನಿಗೆ ಗಂಡು ದಿಕ್ಕು ನಾನೊಬ್ನೇ. ಅವಳು ಬಿ.ಎಸ್ಸಿ. ಸೇರಿದಾಗ ಮನೆಗೆ ಕಂಪ್ಯೂಟರ್ ತಂದು ಜೋಡಿಸಿಕೊಟ್ಟಿದ್ದೂ ನಾನೇ. ಇಂಟರ್ನೆಟ್ ಹಾಕ್ಸಿಕೊಟ್ಟಿದ್ದೂ ನಾನೇ."

"ಕ್ಯಾಮೆರಾ ಇರೋದೇ ತಗೋ ಅಂತ ಹಟ ಮಾಡಿದ್ರಂತೆ."

"ಹಟ ಏನಿಲ್ಲ. ಮುಂದೆ ಹಾಸ್ಟೆಲ್ ಸೇರ್ತೀನಿ ಅಂತಿದ್ಲು. ಅಕ್ಕ ಮಗಳ ಮುಖ ನೋಡಿ ಮಾತಾಡ್ಬಹುದಲ್ಲ ಅಂತ." ಅವನ ಬೆರಳು ಹೆಡ್‌ಫೋನಿನ ವೈರನ್ನು ಸುತ್ತುತ್ತಿತ್ತು. "ಬೇಡ ಅಂದ್ಲು. ಆಯ್ತು ಅಂದೆ."

"ಅವಳನ್ನ ನಿಮಗೆ ಕೊಡೋ ಮಾತಿತ್ತಾ?"

ಗಾಜಿನಾಚೆ ನೋಡುತ್ತ ಅಪ್ಪಾಜಿ ಹೇಳಿದ. "ಅವಳು ತೊಟ್ಟಿಲಲ್ಲಿದ್ದಾಗಲೇ ಆದ ಮಾತು ಸಾರ್. ಓದು ಮುಗೀಲಿ ಅಂತ ಕಾದೆ. ಬಿ.ಎಸ್ಸಿ. ಮುಗೀತು. ಎಂ.ಸಿ.ಎ. ಅಂದ್ಲು. ಅದಕ್ಕೂ ಸರಿ ಅಂದೆ. ಕಾಯೋನು ತಪ್ಪಾ, ಕಾಯಿಸ್ದೋರು ತಪ್ಪಾ?"

"ಸತ್ತವರದು ತಪ್ಪು ಅಂತೀರಾ?"

"ನಾನು ಹಂಗೆಲ್ಲಿ ಹೇಳ್ದೆ?" ಮೊದಲ ಸಲ ಅವನ ದನಿ ಏರಿತು. ಹೊರಗೆ ಟೈಪು ಮಾಡುತ್ತಿದ್ದ ಸದ್ದು ನಿಂತು ಮತ್ತೆ ಶುರುವಾಯಿತು. "ಆ ಮುಜೀಬ್ ಬಾಯಿ ಬಿಡ್ಲಿಲ್ಲ ಅಂತ ನನ್ನ ಕೆದಕೋಕೆ ಬಂದಿದೀರಾ? ಅವನನ್ನ ಕೇಳಿ ಸಾರ್. ಮನೆ ಹುಡುಗಿ, ಮಾನ ಹೋಗೋದು ಬೇಡ ಅಂತ ಸುಮ್ಮನಿದ್ದೆ. ದುರ್ಗಕ್ಕೆ ಅವಳನ್ನ ಅವನು ಎಳ್ಕೊಂಡು ಹೋಗ್ಲಿಲ್ಲ. ಅವಳೇ ಕರೆದಿದ್ದು. 'ಮೆಟ್ಲ ಹತ್ರ ಸಿಗ್ತೀನಿ, ಭಾನುವಾರ ಜನ ಇರ್ತಾರೆ, ಭಯ ಇಲ್ಲ' ಅಂತ. ಇಂಥ ಮಾತು ಆಡೋ ಹುಡುಗಿಗೋಸ್ಕರ ನಾನು ಕಾದೆ ಸಾರ್!"

ಪುಟ್ಟರಂಗಯ್ಯ ಮನಸ್ಸಿನಲ್ಲೇ ಕಡತ ತಿರುವಿದರು.

ಫೋನ್ ಕಂಪನಿಯವರು ಕೊಟ್ಟದ್ದು ನಂಬರು ಮತ್ತು ವೇಳೆ ಮಾತ್ರ. ಆಡಿದ ಮಾತಲ್ಲ. ಮುಜೀಬ್ ಹೇಳಿರಲಿಲ್ಲ. ನಂದಿತಾ ಹೇಳುವ ಸ್ಥಿತಿಯಲ್ಲಿರಲಿಲ್ಲ.

"ಈ ಮಾತು ನಿಮಗೆ ಯಾರು ಹೇಳಿದ್ರು?" ಎಂದು ಹವಾಮಾನ ಕೇಳುವಂತೆ ಕೇಳಿದರು.

ಅಪ್ಪಾಜಿಯ ಬೆರಳು ವೈರಿನಲ್ಲಿ ನಿಂತಿತು. ಕಣ್ಣು ಮಾತ್ರ ಒಮ್ಮೆ ಮೇಜಿನ ಪರದೆಯ ಕಡೆ ಹೋಗಿ ಬಂತು.

"ಅಕ್ಕ," ಎಂದ. "ಅಕ್ಕ ಕೇಳಿಸ್ಕೊಂಡಿದ್ಲು. ಪಕ್ಕದ ರೂಮಲ್ಲಿ ಇದ್ಲಂತೆ."

"ಸರಿ." ಪುಟ್ಟರಂಗಯ್ಯ ಎದ್ದರು. "ಸಂಜೆ ಬೇಕಾದರೆ ಎಲ್ಲಿ ಸಿಗ್ತೀರಿ?"

"ಸಂಜೆ ತುಮಕೂರಲ್ಲಿ ಇರ್ತೀನಿ. ಶೆಟ್ಟಿಹಳ್ಳೀಲಿ ನಮ್ದೊಂದು ಬ್ರಾಂಚ್ ಶುರು ಮಾಡಿದೀನಿ." ಮತ್ತೆ ಅದೇ ಮೆಲ್ಲನೆಯ ನಗು. "ನಾನೆಲ್ಲೂ ಓಡಿಹೋಗಲ್ಲ ಸಾರ್. ಯಾವಾಗ ಬೇಕಾದ್ರೂ ಹೇಳಿ ಕಳ್ಸಿ."

ಕೆಳಗೆ ಗಂಗಹನುಮಯ್ಯ ಜೀಪಿನ ಬಾನೆಟ್ಟಿಗೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದ.

"ಏನಂದ ಸಾರ್ ಮೇಷ್ಟ್ರು?"

"ಒಂದು ಮಾತು ಹೆಚ್ಚಿಗೆ ಆಡಿದ. ನಡಿ, ಗುಬ್ಬಿಗೆ."

*

ಗುಬ್ಬಿ ತಲುಪಿದಾಗ ದೀಪ ಹಚ್ಚುವ ಹೊತ್ತು.

ನಂದಿತಾಳ ತಾಯಿ ಗಂಗಾಂಬಿಕೆ ಬಾಗಿಲು ತೆಗೆದರು. ಹಣೆ, ತೋಳು, ಕುತ್ತಿಗೆಗೆಲ್ಲ ವಿಭೂತಿ. ಈ ಕೆಲವು ದಿನಗಳಲ್ಲಿ ಅವರ ಕುಪ್ಪಸ ಹೆಗಲಿನಿಂದ ಜಾರುವಷ್ಟು ದೊಡ್ಡದಾಗಿತ್ತು.

"ಬನ್ನಿ ಸಾರ್. ಒಪ್ಕೊಂಡನಾ ಅವನು?"

ಪ್ರತಿ ಸಲವೂ ಅದೇ ಪ್ರಶ್ನೆ. ಮಗಳ ಮಾತಲ್ಲ, ಲ್ಯಾಪ್‌ಟಾಪಿನ ಮಾತಲ್ಲ, ಕೊಂದವನ ಮಾತು.

"ಒಂದು ವಿಷಯ ಕೇಳಬೇಕಮ್ಮಾ. ನಂದಿತಾ ಮುಜೀಬನಿಗೆ ಕೊನೆಗೆ ಫೋನ್ ಮಾಡಿದ್ದು ಶನಿವಾರ ಸಂಜೆ. ಆಗ ನೀವು ಪಕ್ಕದ ರೂಮಲ್ಲಿ ಇದ್ರಾ?"

"ಶನಿವಾರಾನಾ? ಇಲ್ಲ. ಮಠದಲ್ಲಿ ದಾಸೋಹಕ್ಕೆ ಅಂತ ಮಧ್ಯಾಹ್ನವೇ ಹೋಗಿದ್ದೆ. ಬಂದಾಗ ಕತ್ತಲಾಗಿತ್ತು. ಅವಳೊಬ್ಬಳೇ ಮನೇಲಿ."

"ಅವಳು ಏನು ಮಾತಾಡಿದಳು ಅಂತ ನಿಮಗೆ ಗೊತ್ತಿಲ್ಲ."

"ಫೋನ್ ಮಾಡಿದ್ಲು ಅನ್ನೋದೇ ನೀವು ಹೇಳಿದ ಮೇಲೆ ಗೊತ್ತಾಯ್ತಲ್ಲ ಸಾರ್."

ಪುಟ್ಟರಂಗಯ್ಯ ನಂದಿತಾಳ ಕೋಣೆಗೆ ಹೋದರು. ಮೊದಲೊಮ್ಮೆ ಬಂದು ನೋಡಿದ್ದರು. ಮಂಚ, ಪುಸ್ತಕದ ಗೂಡು, ಕಿಟಕಿಗೆ ಒತ್ತಿದ ಮೇಜು. ಮೇಜಿನ ಮೇಲೆ ಅಪ್ಪಾಜಿ ತಂದುಕೊಟ್ಟ ದಪ್ಪ ಮಾನಿಟರಿನ ಹಳೆಯ ಕಂಪ್ಯೂಟರು. ಪರದೆಯ ತುಂಬ ನಂದಿತಾಳ ಫೋಟೋ, ಪದವಿಯ ಕಪ್ಪು ಗೌನಿನಲ್ಲಿ. ಕಂಪ್ಯೂಟರು ಹಗಲೂ ರಾತ್ರಿ ಉರಿಯುತ್ತಿತ್ತು. ತಾಯಿ ಅದಕ್ಕೆ ವಿಭೂತಿಯ ಮೂರು ಪಟ್ಟೆ ಎಳೆದು, ಎದುರಿಗೆ ಹೂವಿಟ್ಟಿದ್ದರು. ಮಾನಿಟರಿನ ನೆತ್ತಿಯಲ್ಲಿ ಒಂದು ಕೆಂಪು ಬೊಟ್ಟು.

ಸತ್ತವರ ಕೋಣೆಯಲ್ಲಿ ದೀಪ ಆರಬಾರದು. ಇದು ಈ ತಾಯಿಯ ದೀಪ. ಮೊದಲ ಸಲ ಬಂದಾಗಲೂ ಅವರು ಹೀಗೇ ಅಂದುಕೊಂಡು, ಕೈಯನ್ನೂ ತಾಗಿಸದೆ ಹಿಂದೆ ಸರಿದಿದ್ದರು.

ಜೇಬಿನಲ್ಲಿ ಫೋನು ಅದುರಿತು. ಮನ್ಸೂರ್ ಅಲಿ. ಎರಡು ಮಾತಿಗೆ ದನಿ ಕಡಿದುಹೋಯಿತು.

"ಒಳಗೆ ಸಿಗ್ನಲ್ ಸಿಗಲ್ಲ ಸಾರ್," ಎಂದರು ಗಂಗಾಂಬಿಕೆ. "ಆ ಕಿಟಕಿ ಹತ್ರ ಹೋಗಿ. ನಂದಿತಾನೂ ಅಲ್ಲೇ ನಿಂತ್ಕೊಂಡು ಮಾತಾಡ್ತಿದ್ದಿದ್ದು."

ಪುಟ್ಟರಂಗಯ್ಯ ಮೇಜಿಗೆ ತೊಡೆ ತಾಗಿಸಿ ಕಿಟಕಿಯ ಸರಳಿಗೆ ಒರಗಿದರು. "ಈಗ ಹೇಳಿ. ಜೋರಾಗಿ ಹೇಳಿ. ಏನು? ಲ್ಯಾಪ್‌ಟಾಪ್ ಎಲ್ಲಿದೆ?"

ಮನ್ಸೂರ್ ಅಲಿ ಒಂದೇ ಉಸಿರಿಗೆ ಹೇಳಿದ. ದುರ್ಗದ ಮೆಟ್ಟಿಲ ಹತ್ತಿರ ನಂದಿತಾ ಲ್ಯಾಪ್‌ಟಾಪನ್ನು ಮುಜೀಬನ ಕೈಗೆ ಕೊಟ್ಟಿದ್ದಳು. ಮನೆಯ ಕಂಪ್ಯೂಟರಿನೊಳಗೆ ಯಾರೋ ಕಳ್ಳಗಿಂಡಿ ಮಾಡಿ ಕೂತಿದ್ದಾರೆ, ಅದರ ಗುರುತನ್ನೆಲ್ಲ ಇದರೊಳಗೆ ಇಳಿಸಿದ್ದೇನೆ, ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ ಹೇಳಿ ಎಂದಿದ್ದಳು. ಮುಜೀಬ್ ಅದನ್ನು ತಂದು ನೋಡುವ ಮುಂಚೆ ಅವಳ ಸಾವಿನ ಸುದ್ದಿ ಬಂತು. ಸತ್ತವಳ ಲ್ಯಾಪ್‌ಟಾಪ್ ಮನೆಯಲ್ಲಿ ಸಿಕ್ಕರೆ ಅದಕ್ಕಾಗಿಯೇ ಕೊಂದ ಅನ್ನುತ್ತಾರೆ ಎಂದು ಹೆದರಿ ಸಲೀಮಾ ಮಗನಿಂದ ಆಣೆ ಮಾಡಿಸಿಕೊಂಡಿದ್ದಳು. ಈಗ, ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತೇ, ಅವಳು ಆ ಆಣೆಯನ್ನು ಬಿಟ್ಟುಕೊಟ್ಟು ಎಲ್ಲವನ್ನೂ ಮನ್ಸೂರ್ ಅಲಿಗೆ ಹೇಳಿದ್ದಳು.

"ಎಲ್ಲಿ? ಶೆಟ್ಟಿಹಳ್ಳೀಲಾ?" ಪುಟ್ಟರಂಗಯ್ಯ ಕೂಗಿ ಕೇಳಿದರು. "ಮುಜೀಬನ ಮನೇಲೇನಾ? ಅಕ್ಕಿ ಡ್ರಮ್ಮಿನೊಳಗಾ? ಮನೇಲಿ ಯಾರಿದಾರೆ? ತಂಗಿ ಅರ್ಜೂ ಒಬ್ಬಳೇನಾ? ಸರಿ, ಅವಳಿಗೆ ಫೋನ್ ಮಾಡಿ ಹೇಳಿ. ನಮ್ಮವನೊಬ್ಬ ಬರ್ತಾನೆ. ಯೂನಿಫಾರ್ಮ್ ಹಾಕ್ಕೊಂಡು ಬರಲ್ಲ, ಬೀದಿಯವರಿಗೆ ಗೊತ್ತಾಗೋದು ಬೇಡ. ಪುಟ್ಟರಂಗಯ್ಯ ಕಳಿಸಿದರು ಅಂದರೆ ಕೊಟ್ಟುಬಿಡಲಿ."

ಅರ್ಜೂಳ ಮನೆಯ ಫೋನ್ ನಂಬರನ್ನು ಅಂಗೈಯಲ್ಲಿ ಬರೆದುಕೊಂಡರು. ಅಲ್ಲೇ ನಿಂತು ಸ್ಟೇಷನ್ನಿಗೆ ಫೋನು ಮಾಡಿ, ಮಫ್ತಿಯಲ್ಲಿ ಹೋಗಲು ಕಾನ್‌ಸ್ಟೇಬಲ್ ಗುಂಡಯ್ಯನಿಗೆ ಹೇಳಿದರು. ನಾಳೆ ಕೋರ್ಟಿನಲ್ಲಿ ಇನ್ನು ಮುಜೀಬ್ ಒಬ್ಬನೇ ನಿಲ್ಲಬೇಕಿರಲಿಲ್ಲ.

"ಒಂದು ಲೋಟ ಮಜ್ಜಿಗೆ ಕುಡೀರಿ," ಎಂದರು ಗಂಗಾಂಬಿಕೆ. "ಯಾರೂ ಈ ಮನೇಲಿ ಏನೂ ಮುಟ್ಟದಂಗೆ ಆಗ್ಬಿಟ್ಟಿದೆ."

ಇಲ್ಲ ಎನ್ನಲಾಗಲಿಲ್ಲ. ಮಂಚದ ತುದಿಯಲ್ಲಿ ಕೂತು ಕುಡಿದರು. ಗಂಗಾಂಬಿಕೆ ಮಗಳ ಮಾತು ಆಡತೊಡಗಿದರು. ಅವಳು ಚಿಕ್ಕವಳಿದ್ದಾಗ ರೇಡಿಯೋ ಬಿಚ್ಚಿದ್ದು. ಒಳಗಿರೋ ಹಾಡುವವರನ್ನು ಹುಡುಕಿದ್ದು. ಹೊರಗೆ ಪೂರ್ತಿ ಕತ್ತಲಾಯಿತು. ಪರದೆಯ ಬೆಳಕು ತಾಯಿಯ ಮುಖದ ಮೇಲೆ ಬಿದ್ದಿತ್ತು.

"ಇದನ್ನ ಆರಿಸೋದೇ ಇಲ್ವಾ ಅಮ್ಮಾ?"

"ಅಪ್ಪಾಜಿ ಬೇಡ ಅಂದ. 'ಅಕ್ಕಾ, ಅವಳ ದೀಪ ಅಂದ್ಕೋ, ಆರಿಸ್ಬೇಡ, ಕರೆಂಟ್ ಬಿಲ್ ನಾನು ಕಟ್ತೀನಿ' ಅಂದ."

ಲೋಟ ಬಾಯಿಯ ಹತ್ತಿರ ನಿಂತಿತು.

"ವಿಭೂತಿ ನೀವು ಹಚ್ಚಿದ್ದು. ಆ ಬೊಟ್ಟೂ ನೀವೇ ಇಟ್ಟಿದ್ದಾ?"

ಗಂಗಾಂಬಿಕೆ ಅವರನ್ನು ವಿಚಿತ್ರವಾಗಿ ನೋಡಿದರು. "ನಾನು ಬೊಟ್ಟಿಡೋಳಾ ಸಾರ್? ಇವ್ರು ಹೋದ ಮೇಲೆ ಈ ಮನೇಲಿ ಬೊಟ್ಟಿಡ್ತಿದ್ದೋಳು ಅವಳೊಬ್ಬಳೇ. ಅದು ಸ್ಟಿಕರ್ರು. ಪೂಜೆಗೆ ಯಾರಾದ್ರೂ ಸ್ಟಿಕರ್ ಇಡ್ತಾರಾ? ಪರೀಕ್ಷೆ ಟೈಮಲ್ಲೇ ಅಂಟಿಸಿದ್ಲು. ಮುದ್ದಿಗೆ ಇಟ್ಟಿರ್ಬೇಕು ಅಂದ್ಕೊಂಡು ನಾನೂ ಹಂಗೇ ಬಿಟ್ಟೆ."

ಪುಟ್ಟರಂಗಯ್ಯ ಎದ್ದು ಹೋಗಿ ಉಗುರಿನಿಂದ ಬೊಟ್ಟನ್ನು ಎಬ್ಬಿಸಿದರು.

ಕೆಳಗೆ ಗಾಜಿನ ಕಣ್ಣು ಇತ್ತು. ಮಾನಿಟರಿನ ನೆತ್ತಿಗೆ ಸಿಕ್ಕಿಸಿದ್ದ ವೆಬ್‌ಕ್ಯಾಮು, ಮಂಚದ ಕಡೆಗೇ ಮುಖ ಮಾಡಿತ್ತು. ಹೂವು, ವಿಭೂತಿ, ಬೊಟ್ಟುಗಳ ನಡುವೆ ಅದನ್ನು ಯಾರೂ ನೋಡಿರಲಿಲ್ಲ. ತಾಯಿ ನೋಡಿರಲಿಲ್ಲ. ಮಹಜರು ಮಾಡಿದ ಪೊಲೀಸರು ನೋಡಿರಲಿಲ್ಲ. ದೇವರ ಸಾಮಾನು ಎಂದು ಎಲ್ಲರೂ ದೂರ ನಿಂತಿದ್ದರು.

ಕ್ಯಾಮೆರಾ ಇಲ್ಲದ ಲ್ಯಾಪ್‌ಟಾಪ್. ಈಗ ಅರ್ಥವಾಯಿತು. ಸೋದರಮಾವ ಕೊಟ್ಟ ಉಡುಗೊರೆ ತನ್ನನ್ನು ನೋಡುತ್ತಿದೆ ಎಂದು ಅವಳಿಗೆ ತಿಳಿದುಹೋಗಿತ್ತು. ಯಾರಿಗೆ ಹೇಳಿದರೂ ನಂಬುವುದಿಲ್ಲ, ಅಮ್ಮನಂತೂ ನಂಬುವುದೇ ಇಲ್ಲ. ತಾನೇ ಬೊಟ್ಟು ಅಂಟಿಸಿದಳು. ತಾನೇ ಸಾಕ್ಷ್ಯ ಕೂಡಿಸಿದಳು.

ಆದರೆ ಕಣ್ಣು ಪರೀಕ್ಷೆಯ ಕಾಲದಿಂದ ಮುಚ್ಚಿತ್ತು. ಶನಿವಾರದ ಮಾತು ಅವನಿಗೆ ಹೇಗೆ ಮುಟ್ಟಿತು?

ಟಾರ್ಚು ಹಾಕಿ ನೋಡಿದರು. ಕಣ್ಣಿನ ಕೆಳಗೆ, ಬೊಟ್ಟು ಮುಚ್ಚದಿದ್ದ ಜಾಗದಲ್ಲಿ, ಸೂಜಿಯಿಂದ ಚುಚ್ಚಿದಂಥ ಮೂರು ತೂತು.

ಮೈಕು.

ಕಣ್ಣು ಮುಚ್ಚಿದವಳು ಕಿವಿಯನ್ನು ಮರೆತಿದ್ದಳು. ಇದೇ ಕಿಟಕಿಯ ಹತ್ತಿರ ನಿಂತು ಮಾತಾಡಿದ್ದಳು.

ಮೇಜಿನ ಕೆಳಗೆ ಇಂಟರ್ನೆಟ್ಟಿನ ಮೋಡೆಮ್ ಇತ್ತು. ಅದರ ಮೇಲೊಂದು ಹಸಿರು ದೀಪ, ಈಗ ಸುಮ್ಮನೆ ಉರಿಯುತ್ತಿತ್ತು. ಪುಟ್ಟರಂಗಯ್ಯ ಬಾಯಿಯ ಮೇಲೆ ಬೆರಳಿಟ್ಟು ಗಂಗಾಂಬಿಕೆಗೆ ಸುಮ್ಮನಿರಲು ಸನ್ನೆ ಮಾಡಿದರು. ಉಸಿರು ಬಿಗಿಹಿಡಿದರು. ದೀಪ ಅಲುಗಲಿಲ್ಲ. ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಿದರು.

ದೀಪ ಪಟಪಟನೆ ಮಿನುಗಿ ನಿಂತಿತು.

ಮತ್ತೆ ಮೌನ. ದೀಪ ಸ್ಥಿರ. ಮತ್ತೆ ಕುಟ್ಟಿದರು. ಮಿನುಗಿತು.

"ಏನ್ ಸಾರ್ ಅದು? ನಂದಿತಾದೇನಾದ್ರೂ..." ಎಂದರು ಗಂಗಾಂಬಿಕೆ ತಡೆಯಲಾರದೆ. ಮಗಳ ಹೆಸರಿನ ಉದ್ದಕ್ಕೂ ಆ ದೀಪ ಮಿನುಗುತ್ತಲೇ ಇತ್ತು.

ಶೆಟ್ಟಿಹಳ್ಳಿ. ಅಕ್ಕಿ ಡ್ರಮ್ಮು. ಅರ್ಜೂ ಒಬ್ಬಳೇ. ಯೂನಿಫಾರ್ಮ್ ಹಾಕ್ಕೊಂಡು ಬರಲ್ಲ.

ಎಲ್ಲವನ್ನೂ ಅವರು ಕೂಗಿ ಹೇಳಿದ್ದರು.

ಪುಟ್ಟರಂಗಯ್ಯ ಮೊಣಕಾಲೂರಿ ಮೋಡೆಮ್ಮಿನ ವೈರು ಕಿತ್ತರು. "ಆರಿಸ್ಬೇಡಿ! ಅವಳ ದೀಪ ಅದು!" ಎಂದು ಗಂಗಾಂಬಿಕೆ ಅವರ ತೋಳು ಹಿಡಿದು ಎಳೆದರು. ಫೋಟೋ ಹಾಗೆಯೇ ಇತ್ತು. ಹಸಿರು ದೀಪ ಮಾತ್ರ ಆರಿತು. ತಾಯಿಗೆ ಏನೆಂದು ಹೇಳುವುದು? ಅವರ ತಮ್ಮನ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು.

ಹೊರಗೆ ಅಂಗಳಕ್ಕೆ ಓಡಿ, ಅಂಗೈಯ ನಂಬರು ಒತ್ತಿದರು. ಗಂಟೆ ಬಾರಿಸುತ್ತಲೇ ಹೋಯಿತು. ಎತ್ತಿದವಳ ದನಿ ಎಳೆಯದು, ನಿರಾಳವಾದದ್ದು.

"ಅರ್ಜೂ? ನಾನು ಇನ್ಸ್‌ಪೆಕ್ಟರ್ ಪುಟ್ಟರಂಗಯ್ಯ."

"ಹೇಳಿ ಸಾರ್. ಮನ್ಸೂರ್ ಚಾಚಾ ಎಲ್ಲಾ ಹೇಳಿದ್ರು. ನೀವು ಕಳ್ಸಿದೋರು ಬಂದವ್ರೆ."

ಪುಟ್ಟರಂಗಯ್ಯ ಗೋಡೆಗೆ ಒರಗಿದರು. ಗುಂಡಯ್ಯ ಮುಟ್ಟಿದ್ದ.

ಆಗ ಜೀಪಿನ ಕಡೆಯಿಂದ ಗಂಗಹನುಮಯ್ಯ ವೈರ್‌ಲೆಸ್ ಹಿಡಿದು ಬಂದ. "ಸಾರ್, ಆ ಗುಂಡಯ್ಯನಿಗೆ ನೀವೇ ಒಸಿ ಬೈರಿ. ಇನ್ನೂ ಸ್ಟೇಷನ್ನಲ್ಲೇ ಅವ್ನೆ. ಮಫ್ತೀಗೆ ಪ್ಯಾಂಟು ತರಕ್ಕೆ ಮನೆಗೆ ಹೋಗಿದ್ನಂತೆ, ಈಗ ಬಂದು ಬೈಕ್ ಕೀ ಹುಡುಕ್ತಾವ್ನಂತೆ."

"ಸಾರ್?" ಎಂದಳು ಅರ್ಜೂ ಫೋನಿನಲ್ಲಿ. "ಒಳ್ಳೆಯವ್ರು ಸಾರ್. ನಾನೇನೂ ಹೇಳ್ಲೇ ಇಲ್ಲ, ಅಕ್ಕಿ ಡ್ರಮ್ಮಲ್ಲಿದೆ ಅಂತ ಅವ್ರೇ ಹೇಳಿದ್ರು. ಈಗ ಬಾಗ್ಲು ಹಾಕ್ಕೊಂಡು ಬಂದ್ರು, ಬೀದಿಯವ್ರು ನೋಡೋದು ಬೇಡ ಅಂತ."

"ಅರ್ಜೂ, ನಾನು ಹೇಳೋದನ್ನ ಕೇಳು. ಮುಖದಲ್ಲಿ ಏನೂ ತೋರಿಸ್ಬೇಡ..."

"ಕೇಳಿಸ್ತಾ ಇಲ್ಲ ಸಾರ್. ತಡೀರಿ, ಅವ್ರು ಫೋನ್ ಕೊಡು ಅಂತವ್ರೆ."

ಫೋನು ಕೈ ಬದಲಾಯಿಸಿದ ಸದ್ದು. ಹಿಂದೆ ಎಲ್ಲೋ ಅಕ್ಕಿ ಸುರಿದ ಸದ್ದು. ಆಮೇಲೆ, ಕಿವಿಗೆ ತೀರ ಹತ್ತಿರ, ಮೆಲ್ಲನೆಯ ಆ ದನಿ.

"ಹೇಳಿ ಸಾರ್. ಕೇಳಿಸ್ಕೊಳ್ತಾ ಇದೀನಿ."